ಕೆಲಸಕ್ಕೆ ಬಾರದವುಗಳ ವರ್ಗಾವಣೆ

ಶಿವನು ಮನುಷ್ಯನಿಗೆ ಕಾಲು ಕೊಟ್ಟದ್ದು ನಡೆಯಲಿಕ್ಕೆ. ಆದರೆ ಹಳ್ಳಿಯಲ್ಲಿ ಕಾರಣವಿಲ್ಲದೆ ನಡೆಯುವವನಿಗೆ ಅವನು ಯಾವ ರಕ್ಷಣೆಯನ್ನೂ ಕೊಟ್ಟಿಲ್ಲ. ತುರುವೇಕೆರೆ ಕಡೆಯ ಬಿದರೆಪಾಳ್ಯದ ಶಂಭುಲಿಂಗಯ್ಯನಿಗೆ ಸಕ್ಕರೆ ಕಾಯಿಲೆ ಬಂದು, ದಿನಾ ಒಂದಿಷ್ಟು ನಡೆಯಲೇಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದಾಗ ಈ ಸತ್ಯ ಅವನ ಅರಿವಿಗೆ ಬಂತು. ಮನೆಯಿಂದ ಹೊರಟು ಕೆರೆಯ ಏರಿ ಮುಟ್ಟುವಷ್ಟರಲ್ಲಿ ಎದುರಾದವರೆಲ್ಲ ಎಲ್ಲಿಗೆ ಎಂದು ಕೇಳುವರು. ಎಲ್ಲಿಗೂ ಇಲ್ಲ ಎಂದರೆ ನಿಂತು ಮುಖ ನೋಡುವರು. ಆಮೇಲೆ ಯಾರನ್ನೋ ಕರೆದು ಸ್ವಲ್ಪ ದೂರದಲ್ಲಿ ಅವನ ಹಿಂದೆಯೇ ಹೋಗುವಂತೆ ಕಣ್ಸನ್ನೆ ಮಾಡುವರು. ಐವತ್ತು ದಾಟಿದ ಗಂಡಸು, ಮುಖದಲ್ಲಿ ನಗುವಿಲ್ಲ, ಒಬ್ಬನೇ ಕೆರೆಯ ಕಡೆಗೆ ಹೋಗುತ್ತಿದ್ದಾನೆ. ಊರಿನವರ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಕೆರೆಯಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ ಎಂಬುದನ್ನು ಮಾತ್ರ ಅವರು ಯೋಚಿಸಿದಂತಿರಲಿಲ್ಲ.

ಈ ಸಂಕಟದಿಂದ ಅವನನ್ನು ಪಾರುಮಾಡಿದವನು ಹುಳಿಯಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಕಾಂತೇಶ. ಫೋನಿನ ಒಡೆದ ಗಾಜು ಹಾಕಿಸಲು ಹೋದ ಶಂಭುಲಿಂಗಯ್ಯ ತನ್ನ ಕಷ್ಟ ಹೇಳಿಕೊಂಡ. ಕಾಂತೇಶ ಗಾಜಿನ ಜೊತೆಗೆ ಒಂದು ಆಟವನ್ನೂ ಹಾಕಿ ಕೊಟ್ಟ. ಫೋನು ಹಿಡಿದು ನಡೆದರೆ ಅದರೊಳಗೂ ಒಂದು ದಾರಿ ನಡೆಯುತ್ತದೆ. ಆ ದಾರಿಯ ಮೇಲೆ ಚಿತ್ರವಿಚಿತ್ರ ಪ್ರಾಣಿಗಳು ಎದ್ದು ನಿಲ್ಲುತ್ತವೆ. ಬೆರಳಿನಿಂದ ಚೆಂಡು ಚಿಮ್ಮಿಸಿ ಅವುಗಳನ್ನು ಹಿಡಿದು ಕೂಡಿಹಾಕಿಕೊಳ್ಳಬೇಕು. ಅವುಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತದೆ ಶಂಭುಲಿಂಗಯ್ಯ ತಾನೇ ಹೆಸರಿಟ್ಟ: ಕೊಂಬಿನ ಹಲ್ಲಿ, ಗುಮ್ಮ, ಮೂಗಬಸವ. ಅಂದಿನಿಂದ ಯಾರೂ ಅವನನ್ನು ಎಲ್ಲಿಗೆ ಎಂದು ಕೇಳಲಿಲ್ಲ. ಫೋನು ನೋಡುತ್ತ ನಡೆಯುವವನಿಗೆ ಎಲ್ಲೋ ಕೆಲಸವಿದೆ ಎಂದು ಲೋಕ ತಾನಾಗಿಯೇ ನಂಬುತ್ತದೆ.

ಅವನ ಬಾಳಿನಲ್ಲಿ ಕೆಲಸ ಎಂಬುದೇ ಕಡಿಮೆ. ಇದ್ದದ್ದು ಒಂದು ಸಣ್ಣ ತೆಂಗಿನ ತೋಟ. ಕಾಯಿ ಕೆಡವಿಸಿ ಅಟ್ಟಕ್ಕೆ ಹಾಕಿದರೆ ಅದು ತನ್ನ ಪಾಡಿಗೆ ತಾನು ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ. ಆ ವರ್ಷವಿಡೀ ಶಂಭುಲಿಂಗಯ್ಯನಿಂದ ಕಾಯಿಗೂ ಏನೂ ಆಗಬೇಕಾದ್ದಿರಲಿಲ್ಲ. ನೆಂಟರಿಗೂ ಅಷ್ಟೇ. ಮದುವೆ ಮುಂಜಿಗಳಲ್ಲಿ ಅವನನ್ನು ಕಂಡರೆ ಊಟ ಆಯ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಕ್ಕೆ ಹೋಗುವರು. ಯಾರೂ ಅವನನ್ನು ಬೈದವರಲ್ಲ. ಯಾರೂ ಏನನ್ನೂ ಕೇಳಿದವರೂ ಅಲ್ಲ.

ಹೀಗಿರುವಾಗ ಆಟದೊಳಗೆ ಒಂದು ಹಬ್ಬ ಘೋಷಣೆಯಾಯಿತು. ಜ್ಯೇಷ್ಠದ ಕೊನೆಯ ಭಾನುವಾರ, ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ. ಆ ಹೊತ್ತಿನಲ್ಲಿ ಮೂಗಬಸವಗಳು ಹಿಂಡುಹಿಂಡಾಗಿ ಬರುತ್ತವೆ, ಹಿಡಿದವನಿಗೆ ಎರಡರಷ್ಟು ಇನಾಮು, ಆ ಹೊತ್ತಿನಲ್ಲಿ ದೊಡ್ಡದು ಮಾಡಿದ ಬಸವನಿಗೆ ನೀಲಿ ಕೊಂಬು. ಐದು ಹೊಡೆದ ಮೇಲೆ ತಲೆಕೆಳಗಾದರೂ ಆ ಕೊಂಬು ಸಿಕ್ಕುವುದಿಲ್ಲ. ತೊಂದರೆ ಏನೆಂದರೆ, ಆಟದಲ್ಲಿ ಪ್ರಾಣಿಗಳನ್ನು ಇಟ್ಟುಕೊಳ್ಳುವ ಅಟ್ಟಕ್ಕೂ ಒಂದು ಮಿತಿಯಿತ್ತು. ಶಂಭುಲಿಂಗಯ್ಯನ ಅಟ್ಟ ತುಂಬಿ ಹೋಗಿತ್ತು. ಹೊಸದು ಬರಬೇಕಾದರೆ ಹಳೆಯ, ಶಕ್ತಿಯಿಲ್ಲದ ಪ್ರಾಣಿಗಳನ್ನು ಒಂದೊಂದಾಗಿ ಆರಿಸಿ ಕಳಿಸಿಬಿಡಬೇಕು. ಕಳಿಸುವ ಗುಂಡಿಯ ಮೇಲೆ ಟ್ರಾನ್ಸ್‌ಫರ್ ಎಂದು ಬರೆದಿತ್ತು. ಕಳಿಸಿದವು ಎಲ್ಲಿಗೆ ಹೋಗುತ್ತವೆಂದು ಯಾರಿಗೂ ತಿಳಿಯದು.

ಅನಾಹುತ ನಡೆದದ್ದು ತಿಪಟೂರಿನಲ್ಲಿ, ಹೆಂಡತಿ ಹಾಲಮ್ಮನ ಚಿಕ್ಕಪ್ಪನ ಶಿವಗಣಾರಾಧನೆಯ ದಿನ. ಮೋಡ ಮುಚ್ಚಿಕೊಂಡಿತ್ತು, ಹನಿ ಬಿದ್ದಿರಲಿಲ್ಲ. ಸತ್ತವರ ಫೋಟೋಕ್ಕೆ ವಿಭೂತಿ, ಹೂವು. ಊಟದ ಪಂಕ್ತಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಆ ಮೌನದಲ್ಲಿ ಶಂಭುಲಿಂಗಯ್ಯನ ಫೋನು ಹೊಡೆದುಕೊಂಡಿತು. ಹಬ್ಬದ ತಯಾರಿ ಎಲ್ಲಿಗೆ ಬಂತು ಎಂದು ವಿಚಾರಿಸಲು ಕಾಂತೇಶ ಮಾಡಿದ್ದ. ಶಂಭುಲಿಂಗಯ್ಯ ತಲೆ ತಗ್ಗಿಸಿ ತನ್ನ ಮಟ್ಟಿಗೆ ಪಿಸುದನಿಯಲ್ಲೇ ಹೇಳಿದ:

“ಜಾಗ ಖಾಲಿ ಮಾಡ್ತಾ ಇದೀನಿ ಕಣಪ್ಪ. ಕೆಲ್ಸಕ್ಕೆ ಬರ್ದಿರೋವನ್ನೆಲ್ಲ ಟ್ರಾನ್ಸ್‌ಫರ್ ಮಾಡ್ತಾ ಇದೀನಿ. ನಿನ್ನೆ ಒಂದೇ ದಿನ ನೂರರ ಮೇಲೆ ಹೋದವು. ಎಲ್ಲಿಗೆ ಹೋಗ್ತವೋ ಕಟ್ಕೊಂಡು ನಂಗೇನಾಗ್ಬೇಕು. ಬಟನ್ ಒತ್ತಿದ್ರೆ ಮುಗೀತು.”

ಪಂಕ್ತಿಯಲ್ಲಿ ಅನ್ನ ಕಲಸುತ್ತಿದ್ದ ಕೈಗಳು ನಿಂತವು.

ಇಲ್ಲಿ ವ್ಯಾಕರಣದ ವಿಷಯ ಸ್ವಲ್ಪ ಹೇಳಬೇಕು. ಪ್ರಾಣಿಗಳಿಗೂ ಸಾಮಾನುಗಳಿಗೂ ಕನ್ನಡದಲ್ಲಿ ನಪುಂಸಕ ಲಿಂಗ, ಅವು ‘ಹೋದವು’. ಮನುಷ್ಯರು ‘ಹೋದರು’. ಮನುಷ್ಯರನ್ನು, ಅದರಲ್ಲೂ ಸಂಬಳ ತೆಗೆದುಕೊಳ್ಳುವ ಸರ್ಕಾರಿ ಮನುಷ್ಯರನ್ನು, ‘ಹೋದವು’ ಎನ್ನಬೇಕಾದರೆ ಹೇಳುವವನು ಬಹಳ ಎತ್ತರದಲ್ಲಿ ಕುಳಿತಿರಬೇಕು. ಗೆದ್ದು ಬಂದ ಶಾಸಕನೂ ಆ ಲಿಂಗವನ್ನು ಬಳಸುವ ಮುನ್ನ ಅತ್ತಿತ್ತ ನೋಡುತ್ತಾನೆ. ಶಂಭುಲಿಂಗಯ್ಯ ಹಪ್ಪಳ ಮುರಿಯುತ್ತ ಬಳಸಿದ್ದ.

ಎದುರು ಸಾಲಿನಲ್ಲಿ ಕುಳಿತಿದ್ದವರು ಸದಾಶಿವಯ್ಯ. ಹಾಲಮ್ಮನ ಅಣ್ಣ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹೆಸರಾದವರು. ತಂಗಿಯ ಗಂಡನನ್ನು ಅವರು ಇಷ್ಟು ವರ್ಷ ನೋಡಿದ್ದೆಲ್ಲ ಕಿಟಕಿಯ ಸರಳನ್ನು ನೋಡುವ ಹಾಗೆ, ಅದರಾಚೆಗೆ. ಇವತ್ತು ದೃಷ್ಟಿ ಸರಳಿನ ಮೇಲೆಯೇ ನಿಂತಿತು. ಅವರು ಮೆಲ್ಲಗೆ ಕೇಳಿದರು: “ಯಾವ್ ಇಲಾಖೆದಪ್ಪ?”

ಶಂಭುಲಿಂಗಯ್ಯನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಫೋನಿನಲ್ಲಿ ಎಂಥೆಂಥ ಪ್ರಾಣಿಗಳಿವೆ ಎಂದು ಕೇಳುತ್ತಿದ್ದಾರೆಂದುಕೊಂಡ. “ಎಲ್ಲಾ ಥರದ್ದೂ ಇದಾವೆ ಭಾವ,” ಎಂದ. ಅದು ಸತ್ಯವೇ ಆಗಿತ್ತು.

ಪಕ್ಕದವರೊಬ್ಬರು, ಹಾಗಾದರೆ ಕಂದಾಯದ್ದೂ ಇದೆಯೋ ಎಂದು ಕೇಳಿದಾಗ ಮಾತ್ರ ಅವನಿಗೆ ಹೊಳೆಯಿತು. ತಕ್ಷಣ ಸರಿಪಡಿಸಬೇಕೆಂದು ಬಾಯಿ ತೆರೆದ. ಸಾವಿನ ಊಟಕ್ಕೆ ಕೂತ ಮನೆಯಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಇದು ಮಕ್ಕಳಾಟ ಎಂದು ಹೇಳುವುದು ಹೇಗೆಂದು ಒಂದು ಗಳಿಗೆ ತಡೆದ. ಆ ಗಳಿಗೆಯಲ್ಲಿ ಸದಾಶಿವಯ್ಯ ಬಡಿಸುವವನ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡು, ಎದ್ದು ಬಂದು, ತಾವೇ ಬಗ್ಗಿ ಅವನ ಎಲೆಗೆ ತುಪ್ಪ ಬಿಟ್ಟರು. ಮದುವೆಯಾದ ದಿನದಿಂದ ಆ ಕೈ ಅವನ ಎಲೆಯ ಮೇಲೆ ಬಂದದ್ದಿಲ್ಲ. ತುಪ್ಪ ಅನ್ನದೊಳಗೆ ಇಳಿಯಿತು. ಸತ್ಯವೂ ಅದರ ಜೊತೆಯಲ್ಲೇ ಇಳಿದುಹೋಯಿತು.

ತುರುವೇಕೆರೆಗೆ ಬಸ್ಸು ಬರುವಷ್ಟರಲ್ಲಿ ಸುದ್ದಿ ಬಂದಿತ್ತು.

ಮೊದಲು ಬಂದವನು ಲೈನ್‌ಮನ್ ಕೆಂಚಯ್ಯ. ಬಿದರೆಪಾಳ್ಯದ ಜನ ಅವನ ಮುಖ ನೋಡಿ ಎಷ್ಟೋ ದಿನವಾಗಿತ್ತು. ಗಾಳಿಗೆ ತಂತಿ ಕಡಿದರೆ ವಾರಗಟ್ಟಲೆ ಕತ್ತಲೆಯಲ್ಲಿ ಕೂತು, ಶಿವನೇ ಬೆಳಕು ಎಂದುಕೊಳ್ಳುವುದು ಅಲ್ಲಿಯ ರೂಢಿ. ಕೆಂಚಯ್ಯ ಜಗಲಿಯ ಕೆಳಗೇ ಚಪ್ಪಲಿ ಬಿಟ್ಟು, ತನ್ನ ಮಾವನ ತೋಟ ಇಲ್ಲೇ ಪಕ್ಕದಲ್ಲಿದೆಯೆಂದೂ, ತನ್ನನ್ನು ಎತ್ತಿ ಬೇರೆಲ್ಲೋ ಹಾಕಿಬಿಟ್ಟರೆ ಸಂಸಾರ ಬೀದಿಗೆ ಬರುತ್ತದೆಂದೂ ಹೇಳಿಕೊಂಡ. ತಾನು ಯಾರನ್ನೂ ಎತ್ತಿ ಹಾಕುವವನಲ್ಲ ಎಂದು ಶಂಭುಲಿಂಗಯ್ಯ ಹೇಳಿದ. ಕೆಂಚಯ್ಯ ಅದನ್ನು ತನ್ನ ಹೆಸರು ಆಗಲೇ ಪಟ್ಟಿಯಲ್ಲಿದೆ ಎಂದು ಅರ್ಥ ಮಾಡಿಕೊಂಡು, ಅಲ್ಲಿಂದ ನೇರವಾಗಿ ಹೋಗಿ ಕಂಬ ಹತ್ತಿದ.

ಮಾರನೆಯ ದಿನ ಗ್ರಾಮ ಆಡಳಿತಾಧಿಕಾರಿ ದಯಾನಂದ್ ತನ್ನ ಕಚೇರಿಯ ಬೀಗವನ್ನು ತಾನೇ ತೆಗೆದು ಒಳಗೆ ಕುಳಿತ. ಕೀಲಿಕೈ ಇಷ್ಟು ದಿನ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ಕೇಳಿದರೆ ಎದ್ದು ಹೋದಾನು ಎಂಬ ಭಯ. ದನದ ಡಾಕ್ಟರು ಕರೆಯದೆಯೇ ಬಂದು ಹಸುಗಳ ಬಾಯಿ ನೋಡಿದರು. ಹೀಗೆ ಆ ದಿನಗಳಲ್ಲಿ ಬಿದರೆಪಾಳ್ಯದಲ್ಲಿ ಸರ್ಕಾರ ಎಂಬುದು ಕಣ್ಣಿಗೆ ಕಾಣಿಸಿತು. ಕಂಡವರು ಹೆದರಿದರು. ಇಷ್ಟು ಒಳ್ಳೆಯದು ಒಟ್ಟಿಗೆ ಆಗುತ್ತಿದೆ ಎಂದರೆ ಮುಂದೆ ಏನೋ ಕಾದಿದೆ ಎಂದು ಮುದುಕರು ಜಗಲಿಗಳಲ್ಲಿ ಕೂತು ನಿಟ್ಟುಸಿರು ಬಿಟ್ಟರು.

ಮನೆಯಲ್ಲಿ ಹಾಲಮ್ಮ ಏನೂ ಕೇಳಲಿಲ್ಲ. ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿ ತರಲು ಶುರುಮಾಡಿದಳು. ಒಂದು ದಿನ ಮಾತ್ರ ಲೋಟ ಇಡುತ್ತ, ಇಷ್ಟು ದೊಡ್ಡ ವಿಷಯವನ್ನು ಕಟ್ಟಿಕೊಂಡವಳಿಗೂ ಹೇಳದೆ ಇಟ್ಟುಕೊಂಡರಲ್ಲ ಎಂದು ಕಣ್ಣು ಒರೆಸಿಕೊಂಡಳು. ಅವಳ ಕಣ್ಣಿನಲ್ಲಿ ನೋವಿನ ಜೊತೆಗೆ ಬೇರೆ ಏನೋ ಇತ್ತು. ಅದನ್ನು ಹಿಂದೆಂದೂ ಕಂಡಿರದ ಶಂಭುಲಿಂಗಯ್ಯನಿಗೆ ಅದು ಗೌರವ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಬಾಯಿಬಿಡುವುದು ಇನ್ನೂ ಕಷ್ಟವಾಯಿತು. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ, ಇವತ್ತು ಹೇಳಿಬಿಡುತ್ತೇನೆ ಎಂದು ಸಂಕಲ್ಪ ಮಾಡುವನು. ಪೂಜೆ ಮುಗಿದು ಕಾಫಿ ಬರುವಷ್ಟರಲ್ಲಿ, ನಾಳೆಗಾಗಲಿ ಎಂದು ಶಿವನಿಗೇ ಸಮಾಧಾನ ಹೇಳುವನು. ಮಿಕ್ಕ ಹೊತ್ತೆಲ್ಲ, ಆಟದ ಚೆಂಡು ಸಿಕ್ಕುವ ಗುಡಿಯ ಹತ್ತಿರ, ಕಲ್ಯಾಣಿಯ ಹತ್ತಿರ ಓಡಾಡಿ ಅವನ್ನು ಕೂಡಿಸಿಕೊಂಡ. ಒಂದೊಂದೇ ಗುಮ್ಮವನ್ನು, ಒಂದೊಂದೇ ಹಲ್ಲಿಯನ್ನು ಆರಿಸಿ ಕಳಿಸಿದ. ಅವನು ಬೆರಳು ಒತ್ತುವುದನ್ನು ದೂರದಿಂದ ಕಂಡವರು, ಅಯ್ಯೋ ಇವತ್ತು ಯಾರ ಮನೆಯ ದೀಪವೋ ಎಂದು ಮರುಗುವರು.

ಹಬ್ಬಕ್ಕೆ ಒಂದು ವಾರವಿರುವಾಗ ಅಕ್ಕ ಬಂದಳು.

ಗಿರಿಜಾಂಬಿಕೆ ಅವನ ಒಡಹುಟ್ಟಿದವಳು, ಚಿಕ್ಕನಾಯಕನಹಳ್ಳಿಯಲ್ಲಿ ಒಬ್ಬಳೇ ಇದ್ದಳು. ಗಂಡ ಹೋದ ಮೇಲೆ ಊರವರ ರವಿಕೆ ಹೊಲಿದು ಮಗಳು ವರ್ಷಿಣಿಯನ್ನು ನರ್ಸಿಂಗ್ ಓದಿಸಿದವಳು. ಓದು ಮುಗಿದು ಸರ್ಕಾರಿ ಕೆಲಸವೂ ಸಿಕ್ಕಿತು. ಸಿಕ್ಕಿದ್ದು ಯಾದಗಿರಿ ಕಡೆಯ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ. ಆಮೇಲೆ ಮದುವೆಯೂ ಆಯಿತು, ಅದೂ ಸದಾಶಿವಯ್ಯನವರ ಮಗ ರುದ್ರೇಶನ ಜೊತೆ. ದೊಡ್ಡ ಮನೆ, ಒಳ್ಳೆಯ ಹುಡುಗ. ಆದರೆ ಸೊಸೆ ಯಾದಗಿರಿಯಲ್ಲಿ, ಮಗ ತಿಪಟೂರಿನ ಮಂಡಿಯಲ್ಲಿ. ಈ ಸಲದ ವರ್ಗಾವಣೆಯಲ್ಲಿ ಹತ್ತಿರಕ್ಕೆ ಬಂದರೆ ಸರಿ, ಇಲ್ಲವಾದರೆ ಕೆಲಸ ಬಿಟ್ಟು ಮನೆಗೆ ಬರಲಿ ಎಂದು ಸದಾಶಿವಯ್ಯ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಇದನ್ನೆಲ್ಲ ಅಕ್ಕ ಜಗಲಿಯ ಮೇಲೆ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಹೇಳಿದಳು. ಹೊಲಿಗೆ ಮಿಷನ್ನು ತುಳಿದು ತುಳಿದು ಅವಳ ಮಂಡಿ ಹೋಗಿತ್ತು. ಬಸ್ಸಿನಿಂದ ಮನೆಯ ತನಕ ಮೂರು ಕಡೆ ಕೂತು ಎದ್ದು ಬಂದಿದ್ದಳು.

“ಶಂಭು, ನಿನ್ನ ಹತ್ರ ನಾನು ಯಾವತ್ತೂ ಏನೂ ಕೇಳ್ದೋಳಲ್ಲ,” ಎಂದಳು. “ವರ್ಷಿಣಿ ಕೆಲ್ಸ ಬುಟ್ರೆ ನಾನ್ ತುಳಿದಿದ್ದೆಲ್ಲ ನೀರಿಗೆ ಹೋಯ್ತದೆ. ನೀನೊಂದ್ ಬಟನ್ ಒತ್ತಪ್ಪ.”

ಹೇಳಬೇಕಾದ ಹೊತ್ತು ಇದೇ ಎಂದು ಶಂಭುಲಿಂಗಯ್ಯನಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಅಕ್ಕ ಕೇಳುತ್ತಿದ್ದಳು. ಅವನನ್ನು ಎತ್ತಿ ಆಡಿಸಿದವಳು, ಅವನು ಯಾತಕ್ಕೂ ಆಗುವವನಲ್ಲ ಎಂದು ತಿಳಿದೇ ಇಷ್ಟು ವರ್ಷ ಏನೂ ಕೇಳದೆ ಉಳಿದವಳು, ಇವತ್ತು ತಲೆ ಎತ್ತಿ ಅವನ ಮುಖ ನೋಡುತ್ತಿದ್ದಳು.

“ನೋಡಾಣ ಅಕ್ಕ,” ಎಂದ.

ಇದಕ್ಕಿಂತ ಕೆಟ್ಟ ಮಾತು ಅವನಿಗೆ ಸಿಕ್ಕುತ್ತಿರಲಿಲ್ಲ. ಆಗದವರು ಆಗಲ್ಲ ಎನ್ನುತ್ತಾರೆ. ಸುಳ್ಳು ಹೇಳುವವರು ಮಾಡಿಸಿಯೇ ಬಿಡುತ್ತೇನೆ ಎನ್ನುತ್ತಾರೆ. ನಿಜವಾಗಿ ಕೈಲಾಗುವ ದೊಡ್ಡವರು ಮಾತ್ರ ನೋಡಾಣ ಎನ್ನುತ್ತಾರೆ. ಅಕ್ಕನ ಮುಖದಲ್ಲಿದ್ದ ಚಿಂತೆಯೆಲ್ಲ ಕಣ್ಣೆದುರಿಗೇ ಇಳಿದುಹೋಯಿತು. ಅವಳು ಎದ್ದು, ತಮ್ಮನ ತಲೆ ಸವರಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಹೋಗುವಾಗ ಎಲ್ಲಿಯೂ ಕೂರಲಿಲ್ಲ.

ಹಬ್ಬದ ಭಾನುವಾರವೂ ಹಾಗೇ ಮೋಡ. ಶಂಭುಲಿಂಗಯ್ಯ ಫೋನಿಗೆ ಪೂರ್ತಿ ಚಾರ್ಜು ತುಂಬಿಸಿ, ಅದು ಸಾಲದೆ ಬಂದೀತೆಂದು ಇನ್ನೊಂದು ಚಾರ್ಜರ್ ಡಬ್ಬಿಯನ್ನು ಜೇಬಿಗಿಟ್ಟು, ಎರಡು ಹೊಡೆಯುವ ಮೊದಲೇ ಏರಿಯ ಮೇಲೆ ನಿಂತ. ಹೊತ್ತು ಸರಿಯಾಗಿ ಬಂತು, ಮೂಗಬಸವಗಳೂ ಬಂದವು. ಹುಣಿಸೆಮರದ ಬುಡದಲ್ಲಿ, ತೂಬಿನ ಬಾಯಲ್ಲಿ, ಒಣಗಿದ ಕೆರೆಯಂಗಳದ ಉದ್ದಕ್ಕೂ ಗುಂಡಗುಂಡಗೆ, ಪೆಚ್ಚುಮುಖ ಹಾಕಿಕೊಂಡು ಕೂತಿದ್ದವು. ತನ್ನಂತೆಯೇ ಇವೆ ಎಂದು ಅವನಿಗೆ ಮೊದಲಿನಿಂದಲೂ ಅನ್ನಿಸಿತ್ತು. ಚೆಂಡು ಚಿಮ್ಮಿಸುತ್ತ ಹೋದ. ಒಂದು ಬಸವನನ್ನು ದೊಡ್ಡದು ಮಾಡಿ, ನೀಲಿ ಕೊಂಬು ಮೂಡುವುದನ್ನು ಕಣ್ಣಾರೆ ಕಂಡ. ಅಷ್ಟರಲ್ಲಿ ಪ್ರಾಣಿಗಳೆಲ್ಲ ಮಾಯವಾಗಿ ಪರದೆಯ ಮೇಲೆ ಸದಾಶಿವಯ್ಯನವರ ಹೆಸರು ಬಂತು.

ಭಾವನ ದನಿ ಗೆಲುವಾಗಿತ್ತು. ಇದೇ ಜಿಲ್ಲೆಯ ಪಾವಗಡದ ಕಡೆ ಕೆಲಸದಲ್ಲಿರುವ ಯಾದಗಿರಿಯ ಹುಡುಗಿಯೊಬ್ಬಳು, ಪರಸ್ಪರ ಅದಲುಬದಲು ಮಾಡಿಕೊಳ್ಳೋಣ ಎಂದು ವರ್ಷಿಣಿಯನ್ನು ಕೇಳಿದ್ದಳಂತೆ. ಆನ್‌ಲೈನಿನಲ್ಲಿ ಒಪ್ಪಿಗೆ ಹಾಕಲು ಇವತ್ತು ಸಂಜೆ ಐದೇ ಕೊನೆ. ಸೋದರಮಾವ ತಿಪಟೂರಿಗೇ ಹಾಕಿಸಿಕೊಡುವಾಗ ಆ ಬೆಂಗಾಡಿಗೆ ಯಾಕೆ ಒಪ್ಪುತ್ತೀಯ ಎಂದು ಗಿರಿಜಾಂಬಿಕೆ ಮಗಳಿಗೆ ತಾಕೀತು ಮಾಡಿದ್ದಾರಂತೆ. ಒಳ್ಳೆಯ ಕೆಲಸ ಮಾಡಿದರು ಎಂದು ತಾವೂ ಹೇಳಿದ್ದಾಗಿ ಸದಾಶಿವಯ್ಯ ತಿಳಿಸಿದರು.

ಶಂಭುಲಿಂಗಯ್ಯ ಫೋನನ್ನು ಕಿವಿಗೆ ಒತ್ತಿ ಹಿಡಿದ. ತನ್ನ ಕೈಯಲ್ಲಿ ಏನೂ ಇಲ್ಲ, ಏನೂ ನಡೆಯುವುದಿಲ್ಲ, ಆ ಹುಡುಗಿಗೆ ಪಾವಗಡಕ್ಕೇ ಒಪ್ಪಿಕೊಳ್ಳಲು ಹೇಳಿ ಎಂದು ತೊದಲಿದ. ಸದಾಶಿವಯ್ಯ ಮನಸಾರೆ ನಕ್ಕರು. ನಿಜವಾಗಿ ಕೈಲಾಗುವವರೆಲ್ಲ ಹೀಗೆಯೇ ಹೇಳುವುದೆಂದು ಮೆಚ್ಚಿ ಫೋನು ಇಟ್ಟರು.

ಅಕ್ಕನಿಗೆ ಮಾಡಿದ. ಅವನು ವರ್ಗಾವಣೆ ಎಂಬ ಮಾತು ಎತ್ತಿದ್ದೇ ತಡ, ಅಂಥದನ್ನೆಲ್ಲ ಫೋನಿನಲ್ಲಿ ಆಡಬಾರದು, ಯಾರಾದರೂ ಕೇಳಿಸಿಕೊಂಡಾರು ಎಂದು ಅವಳು ಗದರಿ ಕಟ್ ಮಾಡಿದಳು. ಮತ್ತೆ ಮಾಡಿದರೆ ಎತ್ತಲಿಲ್ಲ. ವರ್ಷಿಣಿಯ ನಂಬರು ಅವನ ಹತ್ತಿರ ಇರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ.

ಏರಿಯ ಕೆಳಗೆ ಕೆಂಚಯ್ಯ, ಭಾನುವಾರ ಎಂಬುದನ್ನೂ ಲೆಕ್ಕಿಸದೆ, ಕಂಬದ ಮೇಲಿದ್ದ. ಶಂಭುಲಿಂಗಯ್ಯ ಕೂಗಿದ ಕೂಗಿಗೆ ಜಾರಿಕೊಂಡೇ ಇಳಿದ. ಚಿಕ್ಕನಾಯಕನಹಳ್ಳಿಗೆ ಹೋಗಬೇಕು ಎಂದದ್ದಷ್ಟೇ. ಯಾಕೆ ಎಂದು ಕೇಳುವ ಧೈರ್ಯ ಕೆಂಚಯ್ಯನಿಗಿರಲಿಲ್ಲ. ಬೈಕು ಓಡಿತು. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ನಡುಗುತ್ತಿತ್ತು. ಒಂದೊಂದು ನಡುಕವೂ ಒಂದೊಂದು ಮೂಗಬಸವ. ಎರಡೂ ಕಡೆ ತೆಂಗಿನ ಮರಗಳು, ಅವುಗಳ ಬುಡದಲ್ಲಿ ಈಗ ಎಷ್ಟು ಬಸವಗಳು ಕೂತಿರಬಹುದು ಎಂದು ಅವನಿಗೆ ನೋಡದೆಯೂ ಗೊತ್ತಿತ್ತು. ಕುರಿಯ ಹಿಂಡೊಂದು ರಸ್ತೆಗೆ ಅಡ್ಡ ಬಂದು ಬೈಕು ನಿಂತಾಗ ಒಂದೇ ಒಂದು ಸಲ ಜೇಬಿನಿಂದ ತೆಗೆದು ನೋಡಿದ. ಒಂದನ್ನು ಹಿಡಿದ ಕೂಡ. ಮನುಷ್ಯನ ಮನಸ್ಸು ಅಂಥದು; ಶಿವನೇ ಮನ್ನಿಸಬೇಕು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ತಮ್ಮ ಸರ್ಕಾರಿ ಮನುಷ್ಯನ ಬೈಕಿನ ಹಿಂದೆ ಕೂತು ಬಂದದ್ದನ್ನು ಕಂಡು ಅವಳ ಕಣ್ಣು ಅರಳಿದವು. ಆರ್ಡರು ಕೈಯಲ್ಲೇ ತಂದಿದ್ದಾನೆ ಎಂದುಕೊಂಡಿರಬೇಕು. ಇಬ್ಬರನ್ನೂ ಒಳಗೆ ಕರೆದು ಚಾಪೆ ಹಾಕಿದಳು. ಶಂಭುಲಿಂಗಯ್ಯ ಕೂರಲಿಲ್ಲ.

“ಅಕ್ಕ, ನಾನು ಯಾರ್ನೂ ಟ್ರಾನ್ಸ್‌ಫರ್ ಮಾಡ್ಸೋನಲ್ಲ. ಅದು ಆಟ. ಫೋನಲ್ಲಿ ಆಡೋ ಆಟ.”

ಅಕ್ಕ ಕೆಂಚಯ್ಯನ ಕಡೆ ನೋಡಿ, ಇವರೆದುರಿಗೆ ಬೇಡ ಎಂಬಂತೆ ತಲೆಯಾಡಿಸಿದಳು. ಕೆಂಚಯ್ಯ ಮರ್ಯಾದೆಯಿಂದ ಗೋಡೆಯ ಕಡೆ ತಿರುಗಿ ನಿಂತ. ಬೇರೆ ದಾರಿಯಿಲ್ಲದೆ ಶಂಭುಲಿಂಗಯ್ಯ ಫೋನು ತೆಗೆದು, ಅಟ್ಟದಲ್ಲಿದ್ದ ಪ್ರಾಣಿಗಳನ್ನೆಲ್ಲ ಸಾಲಾಗಿ ತೋರಿಸಿದ. ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿ ನೋಡಿದಳು.

“ಇದ್ಯಾವ್ ಇಲಾಖೆ?” ಎಂದಳು.

ಇಲಾಖೆಯಲ್ಲ, ಗುಮ್ಮ, ಹಲ್ಲಿ, ಬಸವ ಎಂದು ಅವನು ಬೆರಳಿಟ್ಟು ಹೇಳಿದ. ಅಷ್ಟು ಹೊತ್ತಿಗೆ ಗೋಡೆ ನೋಡಿ ಸಾಕಾಗಿದ್ದ ಕೆಂಚಯ್ಯನೂ ಕತ್ತು ಚಾಚಿದ್ದ. ದೊಡ್ಡವರು ನಿಜವಾದ ಹೆಸರು ಬರೆದಿಡದೆ ಹೀಗೆ ಗುಟ್ಟಿನ ಗುರುತು ಇಟ್ಟುಕೊಳ್ಳುತ್ತಾರೆಂದು ಅವನಿಗೆ ತೋರಿತು. ಕಂಬದಂಥ ಉದ್ದ ಕತ್ತಿನ ಪ್ರಾಣಿಯೊಂದನ್ನು ತೋರಿಸಿ, ಬಹಳ ವಿನಯದಿಂದ, ಇದು ನಾನಾ ಎಂದು ಕೇಳಿದ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಬಹಳ ಹೊತ್ತಾಗಿತ್ತು. ಶಂಭುಲಿಂಗಯ್ಯ ನೀಲಿ ಕೊಂಬಿನ ಬಸವನನ್ನು ಪರದೆಯ ನಡುವೆ ತಂದ.

“ನೋಡಕ್ಕ. ಟ್ರಾನ್ಸ್‌ಫರ್ ಅಂದ್ರೆ ಇದು,” ಎಂದು ಗುಂಡಿ ಒತ್ತಿದ.

ಬಸವ ಒಂದು ಸಲ ಹೊಳೆದು, ಸಣ್ಣದಾಗಿ, ಚುಕ್ಕಿಯಾಗಿ, ಇಲ್ಲವಾಯಿತು.

“ಎಲ್ಲಿಗೆ ಹೋಯ್ತು?” ಅಕ್ಕ ಕೇಳಿದಳು.

“ಗೊತ್ತಿಲ್ಲ.”

“ವಾಪಸ್ ಬರಲ್ವಾ?”

“ಬರಲ್ಲಕ್ಕ.”

ಅವಳು ಪರದೆ ನೋಡುವುದನ್ನು ಬಿಟ್ಟು ತಮ್ಮನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಸರ್ಕಾರಿ ನೌಕರನೊಬ್ಬನನ್ನು ಎತ್ತಿ ಹಾಕಿದವನ ಮುಖ ಹಾಗೆ ಬಾಡಿರುವುದಿಲ್ಲ. ಆಗ ಅವಳು ನಂಬಿದಳು. ನಂಬಿ, ಗೋಡೆಗೆ ಕೈಕೊಟ್ಟು, ಮೆಲ್ಲಗೆ ಚಾಪೆಯ ಮೇಲೆ ಕುಳಿತಳು.

ಕೆಂಚಯ್ಯನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಸಮಯ ಬೇಕಾಯಿತು. ಅರ್ಥವಾದ ಮೇಲೆ ತನ್ನ ಅಂಗೈಗಳನ್ನು ಬಿಡಿಸಿ ನೋಡಿಕೊಂಡ. ಎರಡರಲ್ಲೂ ಬೊಬ್ಬೆ ಎದ್ದಿದ್ದವು.

“ಹಂಗಾದ್ರೆ ಶಂಭಣ್ಣೋರೆ, ಇಷ್ಟು ದಿನ ನಾನ್ ಕಂಬ ಹತ್ತಿದ್ದು ಯಾರಿಗೋಸ್ಕರ?”

ಕೆಂಚಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟ. ಬೈಕಿನ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಬಿದರೆಪಾಳ್ಯದ ದೀಪಗಳು ಅದರ ಜೊತೆಯಲ್ಲೇ ದೂರವಾದವು.

ಅಕ್ಕ ತನ್ನ ಫೋನು ತೆಗೆದು ಮಗಳಿಗೆ ಮಾಡಿದಳು. ಅವಸರದಲ್ಲಿ ಎಲ್ಲಿ ಏನು ಒತ್ತಿದಳೋ, ಕರೆ ಹೋಗುವ ಸದ್ದು ಮನೆಯೆಲ್ಲ ಮೊಳಗಿತು. ವರ್ಷಿಣಿ ಎತ್ತಿದ ಕೂಡಲೇ ಅವಳು, ಪಾವಗಡಕ್ಕೇ ಒಪ್ಪಿಕೋ, ಈಗಲೇ ಒಪ್ಪಿಕೋ, ನಿನ್ನ ಸೋದರಮಾವನಿಂದ ಆಗುವುದಿಲ್ಲವಂತೆ ಎಂದು ಒಂದೇ ಉಸಿರಿಗೆ ಹೇಳಿದಳು.

ಆ ಕಡೆಯಿಂದ ಹುಡುಗಿಯ ದನಿ ಸಮಾಧಾನವಾಗಿ ಬಂತು.

“ಗುರುವಾರಾನೇ ಒಪ್ಕೊಂಡಾಯ್ತು ಕಣಮ್ಮ. ಹೇಳಿದ್ರೆ ನೀನು ಬೇಜಾರ್ ಮಾಡ್ಕೊತೀಯ ಅಂತ ಸುಮ್ನಿದ್ದೆ. ರುದ್ರೇಶ್‌ಗೂ ಗೊತ್ತು. ಶಂಭು ಮಾವನ ಕೈಲಿ ಏನಾಗ್ತದೆ ಹೇಳು? ನನ್ ಮದುವೇಲಿ ಕುರ್ಚಿ ಹಾಕ್ಸು ಅಂದ್ರೆ, ಪಕ್ಕದ ಛತ್ರದಾಗೆ ಬೇರೆಯೋರ್ ಮದುವೆಗೆ ಹಾಕ್ಸಿ ಬಂದಿದ್ರಲ್ಲ. ಪಾಪ, ಅವ್ರುನ್ನ ಏನೂ ಅನ್ಬೇಡ.”

ಶಂಭುಲಿಂಗಯ್ಯ ನಡುಮನೆಯಲ್ಲಿ ನಿಂತು ಕೇಳಿಸಿಕೊಂಡ. ಸದ್ದು ಕಡಿಮೆ ಮಾಡುವ ಗುಂಡಿ ಯಾವುದೆಂದು ಅಕ್ಕನಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಅವನು ಒತ್ತಲಿಲ್ಲ. ಹುಡುಗಿಯ ಕೆಲಸ ಉಳಿಯಿತು ಎಂಬ ನೆಮ್ಮದಿ ಎದೆಯ ತುಂಬ ಬಂತು. ಅದರ ಹಿಂದೆಯೇ, ಒಂದು ಹೆಜ್ಜೆ ತಡವಾಗಿ, ಇನ್ನೊಂದು ಬಂತು. ಊರು ನಂಬಿತ್ತು, ಭಾವ ನಂಬಿದ್ದರು, ಕಂಬ ಹತ್ತುವವನೂ ನಂಬಿದ್ದ. ಎಲ್ಲೋ ಯಾದಗಿರಿಯ ಬಿಸಿಲಿನಲ್ಲಿ ಕೂತ ಒಂದು ಹುಡುಗಿಗೆ ಮಾತ್ರ ಅವನು ಯಾರೆಂದು ಒಂದು ಗಳಿಗೆಯೂ ಮರೆತುಹೋಗಿರಲಿಲ್ಲ.

ಅಕ್ಕ ಫೋನು ಇಟ್ಟು ಕನ್ನಡಕ ತೆಗೆದಳು. ಐದು ಹೊಡೆಯಿತು. ಅವನ ಜೇಬಿನ ನಡುಕವೂ ನಿಂತಿತು. ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. ಅವಳು ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ ತಟ್ಟೆ ತಂದಿಟ್ಟಳು. ಮುದ್ದೆ, ಸೊಪ್ಪಿನ ಸಾರು. ಅವನು ಕೈ ತೊಳೆದು ಕುಳಿತ. ಅವಳು ಎದುರಿಗೆ ಗೋಡೆಗೊರಗಿ ಕುಳಿತಳು.

“ಅವ್ಳಿಗೆ ಗೊತ್ತಿತ್ತು,” ಎಂದಳು. “ನಾನೇ ಕಣಪ್ಪ ನಂಬ್ದೋಳು.”

“ಯಾರೂ ನನ್ನ ಏನೂ ಕೇಳಿರ್ಲಿಲ್ಲ ಅಕ್ಕ. ನೀನು ಬಂದು ಕೇಳ್ದೆ. ಇಲ್ಲ ಅನ್ನೋಕಾಗ್ಲಿಲ್ಲ.”

“ಹೂಂ. ಇನ್ನ ಕೇಳಲ್ಲ ಬುಡು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಂಜೆಯಾಯಿತು, ಬಾಗಿಲು ಹಾಕೋಣ ಎನ್ನುವ ಹಾಗೆ ಹೇಳಿದ್ದಳು. ಶಂಭುಲಿಂಗಯ್ಯ ತಲೆ ತಗ್ಗಿಸಿ ಮುದ್ದೆ ಮುರಿದ. ಅಕ್ಕ ನೋಡುತ್ತಿದ್ದಾಳೆಂದು ಒಂದೊಂದೇ ತುತ್ತು ನುಂಗಿದ. ತಟ್ಟೆಯಲ್ಲಿ ಸಾರು ಮುಗಿಯಿತು. ಅಕ್ಕ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸಾಕೋ ಬೇಕೋ ಎಂದು ಏನೂ ಕೇಳದೆ, ಇನ್ನೊಂದು ಸೌಟು ಬಿಟ್ಟಳು.